ನೀರು ಚೆಲ್ಲುವ ಮುಂಚೆ: ಪಾಸ್ತಾ ಒಂದು ಥರ, ಉಡಾನ್ ಇನ್ನೊಂದು ಥರ

ಸ್ಪಾಗೆಟ್ಟಿಯನ್ನೂ ಜಪಾನಿನ ಉಡಾನ್ ನೂಡಲ್ಸನ್ನೂ ಒಂದೇ ರೀತಿ ಬೇಯಿಸಿದರೆ ಎರಡರಲ್ಲಿ ಒಂದು ಕೆಡುವುದು ಖಂಡಿತ. ಎರಡೂ ಗೋಧಿಯದ್ದೇ. ಬೇಯಿಸಿದ ನೀರನ್ನು ಏನು ಮಾಡುತ್ತೀರಿ ಅನ್ನುವುದರಲ್ಲೇ ಇರುವುದು ವ್ಯತ್ಯಾಸ.

ಮೊದಲು ಪ್ಯಾಕೆಟ್ ತಿರುಗಿಸಿ ಓದಿ. ಇಟಲಿಯ ಒಣ ಸ್ಪಾಗೆಟ್ಟಿಯಲ್ಲಿ ಡ್ಯೂರಮ್ ಗೋಧಿಯ ರವೆ ಮತ್ತು ನೀರು, ಅಷ್ಟೇ. ಅಲ್ಲಿ 1967ರಿಂದ ಅದಕ್ಕೊಂದು ಕಾನೂನೇ ಇದೆ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆಯೂ ಇದೇ ಜಾತಿಯ ಗೋಧಿಯದು. ಇದರಲ್ಲಿ ಉಪ್ಪಿಲ್ಲ, ಹಾಗಾಗಿ ನೀರಿಗೆ ಹಾಕಲೇಬೇಕು. ಉಡಾನ್ ಹಿಟ್ಟನ್ನು ಉಪ್ಪುನೀರಲ್ಲೇ ನಾದಿರುತ್ತಾರೆ, ಅದಕ್ಕೆ ಸಪ್ಪೆ ನೀರು ಸಾಕು.

ಈಗ ಪಾಸ್ತಾ. ಇಟಲಿಯವರ ಲೆಕ್ಕ 100 ಗ್ರಾಂಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಆ ನೀರು ಬಾಣಲೆಗೂ ಬರುತ್ತದಲ್ವಾ, ಹಾಗಾಗಿ 7 ಗ್ರಾಂ ಹಾಕಿದರೂ ನಡೆಯುತ್ತದೆ. ನೀರಿಗೆ ಎಣ್ಣೆ ಬೇಡ, ಸುಮ್ನೆ ದಂಡ. ಪಾಸ್ತಾ ಬೇಯುತ್ತಿರುವಾಗ ಪಕ್ಕದ ಒಲೆಯಲ್ಲಿ ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿಡಿ. ಹೊಂಬಣ್ಣ ಬಂತೋ, ಒಣಮೆಣಸಿನ ಚೂರು ಹಾಕಿ. ಪ್ಯಾಕೆಟ್ ಹೇಳಿದ ಹೊತ್ತಿಗೆ ಎರಡು ನಿಮಿಷ ಇರುವಾಗಲೇ ಪಾಸ್ತಾ ಎತ್ತಿ ಬಾಣಲೆಗೆ ಹಾಕಿ, ಬೇಯಿಸಿದ ನೀರು ಒಂದು ಸೌಟು ಸುರಿದು, ಉರಿ ಜಾಸ್ತಿ ಮಾಡಿ ಬಿಡದೆ ಕೈಯಾಡಿಸಿ. ಮೊದಲು ಎಣ್ಣೆ ಬೇರೆ, ನೀರು ಬೇರೆಯಾಗಿ ಓಡಾಡುತ್ತಿರುತ್ತದೆ. ನೋಡನೋಡುತ್ತ ಎರಡೂ ಸೇರಿ ಮಬ್ಬಾಗಿ, ಸ್ವಲ್ಪ ಮಂದವಾಗಿ ಎಳೆಗೆ ಅಂಟಿಕೊಳ್ಳುತ್ತದೆ. ಅದು ನೀರಿಗೆ ಬಿಟ್ಟ ಪಿಷ್ಟದ ಕೆಲಸ. ಅದಕ್ಕೇ ಪಾಸ್ತಾವನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ.

ಉಡಾನನ್ನು ತೊಳೆಯಲೇಬೇಕು, ಅದೂ ಚೆನ್ನಾಗಿ. ಪೂರ್ತಿ ಬೆಂದ ಮೇಲೆ ಬಸಿದು, ತಣ್ಣೀರಲ್ಲಿ ಕೈಯಿಂದ ಮೆಲ್ಲಗೆ ಉಜ್ಜಿ ಲೋಳೆ ತೆಗೆಯಿರಿ. ಎಳೆ ಗಟ್ಟಿಯಾಗಿ, ಹಲ್ಲಿಗೆ ಎದುರು ಕೊಡುವ ಹಾಗಾಗುತ್ತದೆ. ಆ ಪಿಷ್ಟ ಹಾಗೇ ಉಳಿದರೆ ಉಡಾನ್ ಹಾಕಿ ತಿನ್ನುವ ತಿಳಿಯಾದ ದಾಶಿ ಸಾರು ರಾಡಿಯಾಗುತ್ತದೆ. ತಿನ್ನುವ ಮುಂಚೆ ಬಿಸಿನೀರಲ್ಲಿ ಒಮ್ಮೆ ಅದ್ದಿದರೆ ಆಯಿತು.

ದಾಶಿಗೆ 1 ಲೀಟರ್ ನೀರಲ್ಲಿ ಸುಮಾರು 10 ಗ್ರಾಂ ಕೊಂಬು, ಅಂದರೆ ಒಣಗಿಸಿದ ಕಡಲಪಾಚಿ, ಅರ್ಧ ಗಂಟೆ ನೆನೆಸಿ ಬಿಸಿಗಿಡಿ, ಕುದಿ ಬರುವ ಮುಂಚೆಯೇ ತೆಗೆಯಿರಿ. ಜಪಾನಿನಲ್ಲಿ ಸಾಮಾನ್ಯವಾಗಿ ಒಣ ಮೀನಿನ ಚಕ್ಕೆಯೂ ಬೀಳುತ್ತದೆ. ಮೀನು ತಿನ್ನದವರು ಒಣ ಶಿಟಾಕೆ ಅಣಬೆ ನೆನೆಸಿದ ನೀರು ಸೇರಿಸಿ. ಇದೂ ಅವರದ್ದೇ ಪದ್ಧತಿ, ರುಚಿಗೇನೂ ಮೋಸವಿಲ್ಲ. ಮೇಲೆ ಸೋಯಾ ಸಾಸ್, ಈರುಳ್ಳಿ ಸೊಪ್ಪು.

ಜಪಾನಿನದೇ ಇನ್ನೊಂದು ನೂಡಲ್ಸ್ ಸೋಬಾ, ಕುಟ್ಟು ಅಂದರೆ ಬಕ್‌ವೀಟ್ ಹಿಟ್ಟಿನದು, ಅದನ್ನೂ ತೊಳೆಯುತ್ತಾರೆ. ಆದರೆ ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ. ಊಟದ ಕೊನೆಗೆ ಉಳಿದ ಅದ್ದುವ ಸಾಸಿಗೆ ಬೆರೆಸಿಕೊಂಡು ಕುಡಿಯುತ್ತಾರೆ, ಹೆಸರು ಸೋಬಾಯು.

ರಾಮೆನ್ ನೂಡಲ್ಸ್ ಬೇಕಿದ್ದು ಅಂಗಡಿಯಲ್ಲಿ ಸಿಗಲಿಲ್ಲವಾ? ಅದರ ಹಿಟ್ಟಿಗೆ ಕನ್ಸುಯಿ ಎಂಬ ಕ್ಷಾರ ಹಾಕುತ್ತಾರೆ, ಹಳದಿ ಬಣ್ಣ, ಸ್ಪ್ರಿಂಗಿನಂಥ ಗುಣ ಬರುವುದು ಅದರಿಂದ. ತೀರಾ ಸಣ್ಣ ಎಳೆಯ ಸ್ಪಾಗೆಟ್ಟಿಯನ್ನು ಲೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದ ನೀರಲ್ಲಿ ಬೇಯಿಸಿದರೆ ಹತ್ತಿರ ಹತ್ತಿರ ಅದೇ ಸಿಗುತ್ತದೆ. ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆ ಇಡಿ. ಈ ನೀರನ್ನು ಮಾತ್ರ ಪೂರ್ತಿ ಚೆಲ್ಲಿ, ಬಾಯಿಗಿಡುವ ಹಾಗಿರುವುದಿಲ್ಲ.