ಹಳೇ ಕಾರಿನ ಇಂಜಿನ್ ತೊಳೆಯುವ ಮುನ್ನ ವೈರ್ ಬಗ್ಗಿಸಿ ನೋಡಿ

ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಕಾಲದ ಮಾರುತಿ 800, ಓಮ್ನಿಗಳು ವಾಟರ್ ಸರ್ವಿಸ್ ಆದ ಮೇಲೆ ಸ್ಟಾರ್ಟ್ ಆಗದೆ ನಿಲ್ಲುವುದು ಸಾಮಾನ್ಯ. ಪ್ರೆಷರ್ ಗನ್ನಿನ ನೀರು, ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ನುಗ್ಗಿರುತ್ತದೆ. ಹಾಗಾಗಿ ಗನ್ ಬೇಡವೇ ಬೇಡ. ಬಕೆಟ್ಟು, ಮಗ್ಗು, ಬ್ರಶ್ ಸಾಕು.

ಬರೀ ಧೂಳಿದ್ದರೆ ಒಣ ಬ್ರಶ್ಶಿನಲ್ಲಿ ಮುಗಿಸಿ. ಜಿಡ್ಡು ಮೆತ್ತಿಕೊಂಡಿದ್ದರೆ ತೊಳೆಯಲೇಬೇಕು, ಇಲ್ಲದಿದ್ದರೆ ಆಯಿಲ್ ಎಲ್ಲಿ ಸೋರುತ್ತಿದೆ ಎಂಬುದೇ ಕಾಣದು. ಅದಕ್ಕೂ ಮೊದಲು ಒಂದೆರಡು ವೈರ್ ಮೆಲ್ಲಗೆ ಬಗ್ಗಿಸಿ ನೋಡಿ. ಮೇಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟರೆ ನೀರಿನ ಸುದ್ದಿಗೇ ಹೋಗಬೇಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮೊದಲು ಪೈಪ್ ಸರಿಮಾಡಿಸಿ.

ಇಂಜಿನ್ ಕೈ ಇಟ್ಟರೆ ಸುಡದಷ್ಟು ಆರಿರಲಿ. ಇಂಜಿನ್ನಿನ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾದಿದ್ದರೆ ತಣ್ಣೀರಿಗೆ ಬಿರುಕು ಬಿಡಬಹುದು. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ.

ಕೆಲಸ ಕೆಡುವುದು ನೀರು ತಾಗಬಾರದ ಭಾಗಗಳನ್ನು ಮುಚ್ಚುವುದರಲ್ಲಿ. ಡಿಸ್ಟ್ರಿಬ್ಯೂಟರಿನ ಜಿಡ್ಡನ್ನು ಮೊದಲು ಒಣಬಟ್ಟೆಯಲ್ಲಿ ಒರೆಸಿ. ಜಿಡ್ಡಿನ ಮೇಲೆ ಟೇಪ್ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಕವರನ್ನು ಬಾಯಿ ಕೆಳಗೆ ಬರುವಂತೆ ತೊಡಿಸಿ, ರಬ್ಬರ್ ಬ್ಯಾಂಡ್ ಬಿಗಿಯಿರಿ. ಪ್ಲಗ್ ವೈರ್‌ಗಳು ಹೊರಬರುವ ಕಡೆ ಸಂದು ಉಳಿಯುತ್ತದೆ, ನೀರು ಇಳಿಯುವುದೇ ಅಲ್ಲಿಂದ. ಅಲ್ಲಿಗೆ ಇನ್ನೆರಡು ಸುತ್ತು ಟೇಪ್ ಹಾಕಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಸ್ಪಾರ್ಕಿಗೆ ಕರೆಂಟ್ ಏರಿಸುವ ಇಗ್ನಿಷನ್ ಕಾಯಿಲ್, ಫ್ಯೂಸ್ ಬಾಕ್ಸಿಗೂ ಕವರ್ ಬೇಕು. ಏರ್ ಫಿಲ್ಟರ್ ಡಬ್ಬಿ ಬಿಚ್ಚಬೇಡಿ, ಕಾರ್ಬುರೇಟರಿಗೆ ಅದೇ ಮುಚ್ಚಳ. ಅದರ ಗಾಳಿ ಎಳೆಯುವ ಮೂತಿಯನ್ನಷ್ಟೇ ಕಟ್ಟಿ. ಎಷ್ಟು ಕವರ್ ಹಾಕಿದಿರಿ ಎಂದು ಎಣಿಸಿಟ್ಟುಕೊಳ್ಳಿ.

ಸೀಮೆಎಣ್ಣೆ, ಡೀಸೆಲ್ ಹಚ್ಚಿ ಉಜ್ಜುವ ಅಡ್ಡದಾರಿ ಬೇಡ. ರಬ್ಬರ್ ಪೈಪು, ಇಂಜಿನ್ ಕೂರುವ ರಬ್ಬರ್ ಮೌಂಟಿಂಗ್‌ಗಳು ಉಬ್ಬಿ ಮೆತ್ತಗಾಗುತ್ತವೆ, ಬೆಂಕಿಯ ಭಯ ಬೇರೆ. ನೀರಿನಲ್ಲಿ ಕರಗುವ ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರವ) ತಂದು, ಡಬ್ಬಿಯ ಮೇಲಿನ ಅಳತೆಯಂತೆ ಕಲಸಿ. ಕಾಸ್ಟಿಕ್ ಇರುವುದನ್ನು ಮುಟ್ಟಬೇಡಿ, ಅಲ್ಯೂಮಿನಿಯಂ ಬಿಳಚಿಕೊಳ್ಳುತ್ತದೆ. ಕೆಳಗಿನಿಂದ ಮೇಲಕ್ಕೆ ಹಚ್ಚಿ, ಐದು ನಿಮಿಷ ಬಿಟ್ಟು, ಒಣಗುವ ಮೊದಲೇ ಪೇಂಟ್ ಬ್ರಶ್ಶಿನಲ್ಲಿ ಉಜ್ಜಿ. ಮಗ್ಗಿನಿಂದ ನಿಧಾನವಾಗಿ ನೀರು ಹಾಕಿ ತೊಳೆಯಿರಿ.

ಕವರ್ ಎಲ್ಲ ಎಣಿಸಿ ತೆಗೆದು, ಬಾನೆಟ್ (ಓಮ್ನಿಯಲ್ಲಾದರೆ ಇಂಜಿನ್ ಮೇಲಿನ ಮುಂದಿನ ಸೀಟು) ಎತ್ತಿ ಎರಡು ಗಂಟೆ ಬಿಸಿಲಿಗೆ ಬಿಡಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಒಣ ಹತ್ತಿಬಟ್ಟೆಯಿಂದ ಒರೆಸಿ. ಪ್ಲಗ್ ಸುತ್ತ ನೀರು ನಿಂತಿದ್ದರೆ ಗಾಳಿ ಹೊಡೆದು ತೆಗೆಯಿರಿ. ಆ ನೀರಿರುವಾಗ ಪ್ಲಗ್ ಬಿಚ್ಚಿದರೆ ನೇರ ಸಿಲಿಂಡರಿಗೆ ಇಳಿಯುತ್ತದೆ. ಫಳಫಳ ಹೊಳೆಯಲೆಂದು ಸಿಲಿಕಾನ್ ಸ್ಪ್ರೇ ಹೊಡೆಯುವವರಿದ್ದಾರೆ. ಅದು ಫ್ಯಾನ್ ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತದೆ, ಚಾರ್ಜಿಂಗ್ ಕುಸಿಯುತ್ತದೆ.

ಬ್ಯಾಟರಿ ವೈರ್ ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ. ಮಿಸ್ಸಿಂಗ್ ಹೊಡೆದರೆ, ಅಂದರೆ ಇಂಜಿನ್ ತಡವರಿಸಿ ಓಡಿದರೆ, ಆಫ್ ಮಾಡಿ ಕ್ಯಾಪನ್ನೂ ಪ್ಲಗ್ ವೈರ್ ತುದಿಗಳನ್ನೂ ಮತ್ತೆ ಒಣಗಿಸಿ. ಮಿಸ್ಸಿಂಗ್ ಇರುವಾಗಲೇ ಓಡಿಸಬೇಡಿ. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಸುಡದ ಪೆಟ್ರೋಲ್ ಅದನ್ನೂ ಹಾಳುಮಾಡುತ್ತದೆ.