ಮಗು ಮನೆ ಬದಲಿಸಿದರೆ ಜೀವನಾಂಶದ ಆದೇಶ ಬದಲಿಸುವುದು ಹೇಗೆ?

ವಿಚ್ಛೇದನದ ವೇಳೆ ಮಗು ಅಮ್ಮನ ಜತೆ ಇತ್ತು. ಅಪ್ಪ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದರು. ಈಗ ಮಗು ಅಪ್ಪನ ಮನೆಗೆ ಬಂದಿದೆ. ಇನ್ನೇಕೆ ಕಟ್ಟಬೇಕು ಎಂದು ಸುಮ್ನೆ ನಿಲ್ಲಿಸಿಬಿಡುವವರೇ ಜಾಸ್ತಿ. ಹಾಗೆ ಮಾಡಲೇಬೇಡಿ. ಕೋರ್ಟ್ ಆದೇಶ ಬದಲಾಗುವ ತನಕ ಬಾಕಿ ಬೆಳೆಯುತ್ತಲೇ ಇರುತ್ತದೆ. ಅದರ ವಸೂಲಿಗೆ ಸಂಬಳದ ಮೇಲೂ ಜಪ್ತಿ ಬರಬಹುದು.

ಮೊದಲು ಡಿಕ್ರಿಯ, ಅಂದರೆ ಕೋರ್ಟಿನ ವಿಚ್ಛೇದನ ಆದೇಶದ, ದೃಢೀಕೃತ ನಕಲು ತೆಗೆಸಿ, ಓದಿ. ಮಗುವಿನ ಖರ್ಚು ಮತ್ತು ಪತ್ನಿಯ ಜೀವನಾಂಶ ಬೇರೆ ಬೇರೆ ಬರೆದಿದೆಯೇ ನೋಡಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಗುವಿನ ಭಾಗಕ್ಕೆ 26ನೇ ಕಲಂ, ಪತ್ನಿಯ ಭಾಗಕ್ಕೆ 25(2). ಮಗು ಮನೆ ಬದಲಿಸಿತೆಂದು ಪತ್ನಿಯ ಭಾಗ ತಾನಾಗಿ ರದ್ದಾಗದು. ಹಳೆಯ ಆದೇಶ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 125ರಡಿ ಬಂದಿದ್ದರೆ, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 146ನೇ ಕಲಂ ನೋಡಬೇಕು.

ಕಸ್ಟಡಿ, ಅಂದರೆ ಮಗು ಯಾರ ಬಳಿ ಇರಬೇಕೆಂಬುದು, ಬರೀ ಬಾಯಿಮಾತಿನಲ್ಲಿ ಬದಲಾಗಿದ್ದರೆ, ಕಸ್ಟಡಿ ಆದೇಶದ ಬದಲಾವಣೆಯನ್ನೂ ಕೋರ್ಟಿನಲ್ಲೇ ಕೇಳಿ. ಛಾಪಾ ಕಾಗದದ ಮೇಲೆ ಇಬ್ಬರೂ ಸಹಿ ಹಾಕಿ ನೋಟರಿ ಮಾಡಿಸಿಕೊಳ್ಳುವ ದಾರಿ ಬೇಡ. ಅದು ಡಿಕ್ರಿಯನ್ನು ಬದಲಿಸುವುದಿಲ್ಲ. ಇಬ್ಬರೂ ಒಪ್ಪಿದ್ದರೆ ಆ ಒಪ್ಪಂದವನ್ನೇ ಕೋರ್ಟಿಗೆ ಕೊಟ್ಟು ಆದೇಶ ಮಾಡಿಸಿ.

ಜನ ಎಡವುವುದು ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ, ಅಂದರೆ ಅಫಿಡವಿಟ್‌ನಲ್ಲಿ. 2020ರ ನವೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರವನ್ನು ಅದರಲ್ಲಿ ಕೊಡಲೇಬೇಕು. ಬೇರೆಯವರ ಅಫಿಡವಿಟ್ ತಂದು ಹೆಸರು ಬದಲಿಸಿ ಕೊಡುವವರಿದ್ದಾರೆ. ಎದುರು ಪಕ್ಷದ ವಕೀಲರ ಪಾಟೀಸವಾಲಿನಲ್ಲಿ ಒಂದು ಅಂಕಿ ತಪ್ಪಿದರೂ ಉಳಿದದ್ದನ್ನೆಲ್ಲ ಅನುಮಾನದಿಂದ ನೋಡುತ್ತಾರೆ, ಅಲ್ವಾ? ಒಂದು ನೋಟ್‌ಬುಕ್ ಇಡಿ. ಮಗು ಬಂದ ತಾರೀಖಿನಿಂದ ಶಾಲೆಯ ಫೀಸು, ವ್ಯಾನ್, ಟ್ಯೂಷನ್, ಔಷಧಿ ಎಲ್ಲ ಬರೆಯಿರಿ. ಪಕ್ಕದಲ್ಲೇ ರಸೀದಿ ಅಂಟಿಸಿ. ನಗದು ಬೇಡ, ಬ್ಯಾಂಕಿನ ಮೂಲಕವೇ ಕಟ್ಟಿ. ಶಾಲೆಯ ದಾಖಲೆಯಲ್ಲಿ ವಿಳಾಸ ಬದಲಿಸಿ, ಅದರ ಪ್ರತಿ ಇಟ್ಟುಕೊಳ್ಳಿ. ಮಗು ಈಗ ಎಲ್ಲಿದೆ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ.

ನಂತರ ಆದೇಶ ಕೊಟ್ಟ ಫ್ಯಾಮಿಲಿ ಕೋರ್ಟಿನಲ್ಲಿ ಅರ್ಜಿ ಹಾಕಿ. ತಡ ಮಾಡಬೇಡಿ, ಅರ್ಜಿಗಿಂತ ಹಿಂದಿನ ಬಾಕಿ ಮನ್ನಾ ಆಗುವುದು ಕಷ್ಟ. ತೀರ್ಮಾನ ಬರಲು ತಿಂಗಳುಗಳು ಹಿಡಿಯಬಹುದು, ಹಾಗಾಗಿ ಮಧ್ಯಂತರ ಆದೇಶವನ್ನೂ ಕೇಳಿ.

ಮಗು ಯಾರ ಜತೆ ಬಂದಿದೆಯೋ ಅವರು, ಇನ್ನೊಬ್ಬರು ಮಗುವಿನ ಖರ್ಚಿಗೆ ಪಾಲು ಕೊಡಬೇಕೆಂದೂ ಕೇಳಬಹುದು. ಅಮ್ಮ ದುಡಿಯುತ್ತಿದ್ದರೆ ಅವರಿಗೂ ಇದು ಅನ್ವಯ. ಆದರೆ ಒಟ್ಟಿಗೆ ಕೊಟ್ಟು ಮುಗಿಸಿದ ಹಣ, ಹೆಸರಿಗೆ ಬರೆದುಕೊಟ್ಟ ಸೈಟು ವಾಪಸ್ ಬರುತ್ತದೆಂಬ ಆಸೆ ಇಟ್ಟುಕೊಳ್ಳಬೇಡಿ.