ಕ್ಯೂ ಕರಗಿಸುವ ಲೆಕ್ಕ: ಕರಾವಳಿಯಲ್ಲಿ ಬೋಟಿಂಗ್ ನಡೆಸುವವರಿಗೆ ಡಿಸ್ನಿಯ ಪಾಠ

ಡಿಸೆಂಬರ್ ಕೊನೆಯ ವಾರ ಹೊನ್ನಾವರದ ಶರಾವತಿ ದಂಡೆಯಲ್ಲಾಗಲಿ, ಕಾರವಾರದ ಕಾಳಿ ನದಿಯಲ್ಲಾಗಲಿ ಬೋಟ್ ಹತ್ತಲು ಬಂದವರ ಸಾಲು ರಸ್ತೆವರೆಗೆ ಬೆಳೆದರೆ ಮಾಲೀಕರಿಗೆ ಮೊದಲು ಹೊಳೆಯುವುದು ಒಂದೇ: ಇನ್ನೊಂದು ಬೋಟ್ ತರಬೇಕು. ಸಾಲ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಮೊಬೈಲ್‌ನ ಗಡಿಯಾರ ಹಿಡಿದು ಜಟ್ಟಿಯ, ಅಂದರೆ ಬೋಟ್ ಬಂದು ನಿಲ್ಲುವ ಧಕ್ಕೆಯ ಮೇಲೆ ಎರಡು ಗಂಟೆ ನಿಲ್ಲಿ. ಬೋಟ್ ಬಂದು ತಾಗಿದ ಹೊತ್ತು, ಕೊನೆಯವರು ಇಳಿದ ಹೊತ್ತು, ಹೊಸಬರು ಹತ್ತಿ ಮುಗಿಸಿದ ಹೊತ್ತು, ಹಗ್ಗ ಬಿಚ್ಚಿದ ಹೊತ್ತು, ಈ ನಾಲ್ಕನ್ನೂ ಬರೆದುಕೊಳ್ಳಿ. ಇದರಿಂದ ಒಂದು ಅಂಕಿ ಹೊರಡುತ್ತದೆ, ಅಮೆರಿಕದ ಡಿಸ್ನಿ ಕಂಪನಿಯ ಮನರಂಜನಾ ಪಾರ್ಕುಗಳು ಪ್ರತಿ ಆಟಕ್ಕೂ ಇಟ್ಟುಕೊಂಡಿರುವುದೂ ಅದನ್ನೇ: ಗಂಟೆಗೆ ಎಷ್ಟು ಜನ. 

ಉದಾಹರಣೆಗೆ 20 ಸೀಟಿನ ಬೋಟ್ ತೆಗೆದುಕೊಳ್ಳಿ. ಹತ್ತಿಸಲು 8 ನಿಮಿಷ, ಸುತ್ತಾಟ 18 ನಿಮಿಷ, ಇಳಿದು ಜಾಕೆಟ್ ಬಿಚ್ಚಿ ಕೊಡಲು 4 ನಿಮಿಷ. ಒಟ್ಟು 30. ಗಂಟೆಗೆ ಎರಡು ಟ್ರಿಪ್, 40 ಜನ. ಇದರಲ್ಲಿ ಜಟ್ಟಿಗೆ ಕಟ್ಟಿಕೊಂಡು ನಿಂತ ಹೊತ್ತೇ 12 ನಿಮಿಷ. ಒಂದು ಹೊತ್ತಿಗೆ ಒಂದೇ ಬೋಟ್ ನಿಲ್ಲುವ ಜಟ್ಟಿಯಾದರೆ ಅದು ಗಂಟೆಗೆ ಐದು ಟ್ರಿಪ್‌ಗಿಂತ ಹೆಚ್ಚು ಕಳಿಸಲಾರದು. ಎರಡು ಬೋಟ್ ಇರುವವರು ಆಗಲೇ ನಾಲ್ಕು ಟ್ರಿಪ್ ಮಾಡುತ್ತಿರುತ್ತಾರೆ. ಮೂರನೆಯದು ತಂದರೆ ಸಿಗುವುದು ಗಂಟೆಗೆ ಒಂದೇ ಒಂದು ಹೆಚ್ಚಿನ ಟ್ರಿಪ್. ಉಳಿದ ಹೊತ್ತು ಅದು ನೀರಿನ ಮಧ್ಯೆ ಇಂಜಿನ್ ಓಡಿಸುತ್ತ ಸರದಿ ಕಾಯುತ್ತದೆ. ಅಡಚಣೆ ಇರುವುದು ಬೋಟಿನಲ್ಲಲ್ಲ, ಜಟ್ಟಿಯಲ್ಲಿ.

ಆ 12 ನಿಮಿಷವನ್ನು 6ಕ್ಕೆ ಇಳಿಸುವುದು ಕಷ್ಟವಲ್ಲ. ಹೊತ್ತು ತಿನ್ನುವುದು ಲೈಫ್ ಜಾಕೆಟ್. ಬೋಟಿನಿಂದ ಇಳಿದವರ ಮೈಮೇಲಿನ ಜಾಕೆಟ್ಟನ್ನೇ ಬಿಚ್ಚಿ ಮುಂದಿನವರಿಗೆ ತೊಡಿಸುವ ಪದ್ಧತಿ ಇರುವವರೆಗೆ ಏನೂ ಸುಧಾರಿಸದು. 20 ಸೀಟಿಗೆ 20 ಜಾಕೆಟ್ ಸಾಲದು, 45 ಬೇಕು: ನೀರಿನಲ್ಲಿರುವವರಿಗೆ 20, ಸರದಿಯಲ್ಲಿ ತೊಟ್ಟು ಕುಳಿತವರಿಗೆ 20, ಒಣಗುತ್ತಿರುವುದು, ಬಕಲ್ ಮುರಿದದ್ದು ಎಂದು 5. ಮಕ್ಕಳ ಅಳತೆಯವು ಇವುಗಳಲ್ಲಿ ಕಾಲು ಭಾಗವಾದರೂ ಇರಲಿ, ಅವಕ್ಕೆ ತೊಡೆಸಂದಿಯ ಪಟ್ಟಿ ಇರಲೇಬೇಕು. ಪಟ್ಟಿ ಇಲ್ಲದ ಜಾಕೆಟ್ ನೀರಿಗೆ ಬಿದ್ದ ಮಗುವಿನ ತಲೆಯ ಮೇಲಕ್ಕೆ ಜಾರಿ ಹೋಗುತ್ತದೆ. ಅಳತೆಗೊಂದು ಬಣ್ಣ ಎಂದು ಮಾಡಿ ಬೇರೆ ಬೇರೆ ಗೂಟಕ್ಕೆ ನೇತು ಹಾಕಿ. ದಿನದ ಕೊನೆಗೆ ಸಿಹಿನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಹಾಕಿದರೆ ಬಟ್ಟೆಯೂ ಹೊಲಿಗೆಯೂ ಬೇಗ ಲಡ್ಡಾಗುತ್ತವೆ. ಒಣಗದ ಜಾಕೆಟ್ಟಿನ ವಾಸನೆಗೆ ಮೂಗು ಮುಚ್ಚಿಕೊಂಡವರು ಒಳಗಿನ ಬಕಲ್ ಹಾಕುವುದೇ ಇಲ್ಲ, ಹಾಗಾಗಿ ಇದು ಬರೀ ಶುಚಿಯ ಮಾತಲ್ಲ.

ಮುಂದಿನ 20 ಜನರನ್ನು ಹಗ್ಗ ಕಟ್ಟಿದ ಒಂದು ಕಟ್ಟೆಯಲ್ಲಿ ಮೊದಲೇ ಕೂರಿಸಿ. ಬಕಲ್ ಪರೀಕ್ಷೆ, ಸುರಕ್ಷತೆಯ ಮಾತು, ಚಪ್ಪಲಿ ಚೀಲಕ್ಕೆ ಹಾಕಿಸುವುದು, ಎಲ್ಲವೂ ಅಲ್ಲೇ ಮುಗಿಯಲಿ. ಇಳಿಯುವವರು ಜಟ್ಟಿಯ ಒಂದು ತುದಿಯಿಂದ, ಹತ್ತುವವರು ಇನ್ನೊಂದು ತುದಿಯಿಂದ. ಇಳಿದವರು ಜಾಕೆಟ್ ಬಿಚ್ಚುವುದು ದಡಕ್ಕೆ ಬಂದ ಮೇಲೆ. ಇಷ್ಟಾದರೆ ಹತ್ತಲು 4, ಇಳಿಯಲು 2 ನಿಮಿಷ ಸಾಕು. ಸುತ್ತಾಟ ಅದೇ 18. 24 ನಿಮಿಷಕ್ಕೊಂದು ಸುತ್ತು, ಒಂದು ಬೋಟಿಗೆ ಗಂಟೆಗೆ 50 ಜನ. ಖರ್ಚು ಇನ್ನೊಬ್ಬ ಹುಡುಗನ ಸಂಬಳ ಮತ್ತು 25 ಜಾಕೆಟ್.

ಇನ್ನು ಸಾಲು. ಗಂಟೆಗೆ 50 ಜನ ಹೋಗುವಲ್ಲಿ 100 ಜನ ನಿಂತಿದ್ದರೆ ಕೊನೆಯವರಿಗೆ ಎರಡು ಗಂಟೆ. ಇದನ್ನು ಅವರಿಗೆ ಹೇಳಿ. ಎಷ್ಟು ಹೊತ್ತು ಎಂದು ಗೊತ್ತಿಲ್ಲದೆ ನಿಂತವನು 30 ನಿಮಿಷಕ್ಕೇ ರೇಗುತ್ತಾನೆ, ಗೊತ್ತಿದ್ದು ನಿಂತವನು 45 ನಿಮಿಷವಾದರೂ ಸುಮ್ಮನಿರುತ್ತಾನೆ. 25ನೇ ವ್ಯಕ್ತಿ ನಿಲ್ಲುವಲ್ಲಿ ‘ಇಲ್ಲಿಂದ 35 ನಿಮಿಷ’ ಎಂಬ ಬೋರ್ಡ್ ನೆಡಿ. ಲೆಕ್ಕಕ್ಕೆ ಬರುವುದು 30, ಬರೆಯಬೇಕಾದ್ದು 35. ಹೇಳಿದ್ದಕ್ಕಿಂತ ಐದು ನಿಮಿಷ ಮೊದಲೇ ಬೋಟ್ ಸಿಕ್ಕಿದವರು ನಗುತ್ತ ಹತ್ತುತ್ತಾರೆ. ಸಾಲಿಗೆ ನೆರಳು ಬೇಕೇ ಬೇಕು. ತಟ್ಟಿಯ ಚಪ್ಪರ ಸಾಕು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯಲ್ಲಿ ಅನುಮತಿಯಿಲ್ಲದೆ ಕಾಂಕ್ರೀಟ್ ಕಂಬ ಎಬ್ಬಿಸಲು ಹೋಗಬೇಡಿ.

ಸಾಲೇ ಬೇಡವೆಂದರೆ ಟೋಕನ್. ಡಿಸ್ನಿ 1999ರಲ್ಲಿ ಫಾಸ್ಟ್‌ಪಾಸ್ ಎಂಬ ಉಚಿತ ಚೀಟಿ ಶುರುಮಾಡಿತು: ಯಂತ್ರದಿಂದ ಹೊತ್ತು ಬರೆದ ಚೀಟಿ ತೆಗೆದುಕೊಂಡು ಹೋಗಿ, ಆ ಹೊತ್ತಿಗೆ ವಾಪಸ್ ಬನ್ನಿ. ಸಾಲಿನಲ್ಲಿ ನಿಂತವರು ಏನನ್ನೂ ಕೊಳ್ಳುವುದಿಲ್ಲ, ತಿರುಗಾಡುವವರು ತಿನ್ನುತ್ತಾರೆ, ಕೊಳ್ಳುತ್ತಾರೆ ಎಂಬ ವ್ಯಾಪಾರದ ಲೆಕ್ಕವೂ ಅದರಲ್ಲಿತ್ತು. ನಮ್ಮಲ್ಲಿ ಯಂತ್ರ ಬೇಡ. ಅರ್ಧ ಗಂಟೆಗೊಂದು ಬಣ್ಣದ ಚೀಟಿ, ಅದರ ಮೇಲೆ ಹೊತ್ತಿನ ಸೀಲು. ಅರ್ಧ ಗಂಟೆಗೆ 25 ಸೀಟಿದ್ದರೆ 20 ಟೋಕನ್ ಮಾತ್ರ ಕೊಡಿ. ಉಳಿದ ಐದು ತಡವಾಗಿ ಬಂದವರಿಗೆ, ಮುದುಕರಿಗೆ, ಒಂದು ಸುತ್ತು ತಪ್ಪಿಹೋದಾಗ ಸರಿದೂಗಿಸಲಿಕ್ಕೆ. ಪೂರ್ತಿ 25ನ್ನೂ ಹಂಚಿದ ದಿನ ಇಂಜಿನ್ ಹತ್ತು ನಿಮಿಷ ಕೈಕೊಟ್ಟರೂ ಸಂಜೆವರೆಗಿನ ಎಲ್ಲ ಚೀಟಿಗಳೂ ಸುಳ್ಳಾಗುತ್ತವೆ.

ಟೋಕನ್ ತೆಗೆದುಕೊಂಡವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನೂ ನೀವೇ ಯೋಚಿಸಬೇಕು. ಹೊನ್ನಾವರದಲ್ಲಾದರೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ನಡೆಯಲು ಮರದ ದಾರಿ ಇದೆ. ಬೇರೆ ಕಡೆ ಹೋಗಲು ಜಾಗವಿಲ್ಲದಿದ್ದರೆ ಎಲ್ಲರೂ ಟೋಕನ್ ಹಿಡಿದುಕೊಂಡೇ ಜಟ್ಟಿಯ ಬಾಯಲ್ಲಿ ನಿಲ್ಲುತ್ತಾರೆ, ಸಾಲು ಹೋಗಿ ಗುಂಪಾಗುತ್ತದೆ. ಅದು ಇನ್ನೂ ಕೆಟ್ಟದ್ದು. ಬೆಂಚು, ನೆರಳು, ಮುರುಗಲು ಪಾನಕ, ಬನ್ಸ್ ಸಿಗುವ ಒಂದು ಕಡೆಯಾದರೂ ಇರಬೇಕು, ಅಲ್ಲಿಂದ ಬೋಟ್ ಕಾಣಬೇಕು. ಕಾಣದಿದ್ದರೆ ಯಾರೂ ಕೂರುವುದಿಲ್ಲ.

ಹಣ ಕೊಟ್ಟವರಿಗೆ ಬೇಗ ಬಿಡುವ ಟಿಕೆಟ್ ಬಗ್ಗೆ ಮಾತ್ರ ಬಹಳ ಎಚ್ಚರ ಬೇಕು. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಉಚಿತವಾಗಿದ್ದ ಸೌಲಭ್ಯ 2020ರಲ್ಲಿ ಕೋವಿಡ್‌ಗೆ ಪಾರ್ಕ್ ಮುಚ್ಚಿದ ಮೇಲೆ ಮರಳಿ ಬರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಜೀನಿ ಪ್ಲಸ್ ಎಂಬ ಹೆಸರಲ್ಲಿ ಹಣ ಕೊಟ್ಟು ಪಡೆಯುವ ಸೌಲಭ್ಯ ದಿನಕ್ಕೆ ತಲೆಗೆ 15 ಡಾಲರಿನಿಂದ ಶುರುವಾಗಿ, 2024ರ ಜುಲೈನಲ್ಲಿ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಆಯಿತು. ಅವರದೇ ಹೋಟೆಲಿನಲ್ಲಿ ತಂಗಿದವರು 7 ದಿನ ಮೊದಲೇ ಹೊತ್ತು ಕಾಯ್ದಿರಿಸಬಹುದು, ಹೊರಗಿನವರು 3 ದಿನ ಮೊದಲು. ಕಂಪನಿಗೆ ಆದಾಯ ಬಂತು, ಹೋಟೆಲ್ ರೂಮಿಗೂ ಬೆಲೆ ಬಂತು. ಆದರೆ ಸೀಟುಗಳು ಅಷ್ಟೇ ಇವೆ. ಒಬ್ಬರಿಗೆ ಉಳಿದ ಹೊತ್ತು ಇನ್ನೊಬ್ಬರ ಹೊತ್ತು. ಗಂಟೆಗೆ 50 ಸೀಟಿನಲ್ಲಿ 10 ‘ಬೇಗದ’ ಟಿಕೆಟ್ ಮಾರಿದರೆ ಸಾಮಾನ್ಯ ಸಾಲಿನ 100 ಜನ ಎರಡು ಗಂಟೆಯ ಬದಲು ಎರಡೂವರೆ ಗಂಟೆ ಕಾಯುತ್ತಾರೆ. 25 ಮಾರಿದರೆ ನಾಲ್ಕು ಗಂಟೆ. ಐದರಲ್ಲೊಂದು ಸೀಟಿನ ಆಚೆ ಹೋಗಲೇಬೇಡಿ. ಎರಡು ಸಾಲೂ ಒಂದರ ಪಕ್ಕ ಒಂದು ಕಾಣುವ ಹಾಗೆ ಇಡುವುದು ಜಗಳಕ್ಕೆ ಕರೆ ಕೊಟ್ಟ ಹಾಗೆ. ಸಣ್ಣ ಜಾಗದಲ್ಲಿ ನನ್ನ ಪ್ರಕಾರ ಇದನ್ನು ಮಾರದಿರುವುದೇ ಲಾಭ. ಇಲ್ಲಿ ಗಿರಾಕಿ ಬರುವುದು ಹೋದವರ ಬಾಯಿಮಾತಿನಿಂದ.

‘ನಮ್ಮವರು’ ಎಂಬ ಇನ್ನೊಂದು ಬೇಗದ ಸಾಲು ನಮ್ಮಲ್ಲಿದೆ, ಡಿಸ್ನಿಗೆ ಗೊತ್ತಿಲ್ಲದ್ದು. ಪಂಚಾಯಿತಿಯವರ ಭಾವ, ಠಾಣೆಯವರ ನೆಂಟರು. ಇಲ್ಲ ಎನ್ನಲು ಆಗದು ಎಂಬುದು ಎಲ್ಲರಿಗೂ ಗೊತ್ತು. ಪ್ರತಿ ಟ್ರಿಪ್ಪಿಗೆ ಎರಡು ಸೀಟನ್ನು ಅವರ ಲೆಕ್ಕಕ್ಕೇ ಬಿಟ್ಟು, ಆ ಎರಡನ್ನೂ ಗಂಟೆಯ ಲೆಕ್ಕದಿಂದ ಮೊದಲೇ ಕಳೆದುಬಿಡಿ. ಅವರಿಗೂ ಹೊತ್ತು ಬರೆದ ಟೋಕನ್ ಕೊಡಿ, ಚಾ ಕೊಟ್ಟು ಕೂರಿಸಿ. ಸಾಲಿನ ಎದುರಿನಿಂದ ಒಳಗೆ ಬಿಡುವುದು ಮಾತ್ರ ಬೇಡ.

ದರದ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ. ಡಿಸ್ನಿ ವರ್ಲ್ಡ್ 2016ರಲ್ಲಿ ಒಂದು ದಿನದ ಟಿಕೆಟ್ಟಿಗೆ ಸೀಸನ್ ನೋಡಿ ಮೂರು ದರ ಮಾಡಿತು, 2018ರಲ್ಲಿ ತಾರೀಖಿಗೊಂದು ದರಕ್ಕೆ ಹೋಯಿತು. ಇಲ್ಲಿ ಎರಡು ದರ ಸಾಕು: ವಾರದ ದಿನ, ರಜೆಯ ದಿನ. ಯಾವ ತಾರೀಖು ಯಾವುದು ಎಂದು ಅಕ್ಟೋಬರ್‌ನಲ್ಲೇ ಬೋರ್ಡ್ ಬರೆಸಿ. ಜನ ನೋಡಿಕೊಂಡು ಕೌಂಟರಿನಲ್ಲಿ ಬಾಯಿಗೆ ಬಂದ ದರ ಹೇಳಿದರೆ ಮೊಬೈಲಿನಲ್ಲಿ ಚಿತ್ರ ಸಮೇತ ಊರೆಲ್ಲ ಸುತ್ತುತ್ತದೆ. ಶಿರಸಿ, ಸಿದ್ದಾಪುರ ಕಡೆಯ ಶಾಲಾ ಪ್ರವಾಸಕ್ಕೆ ವಾರದ ದಿನ ಬೆಳಿಗ್ಗೆ ಮಾತ್ರ ರಿಯಾಯಿತಿ ಕೊಡಿ, ಮುಂಗಡ ಪಡೆದುಕೊಳ್ಳಿ. 50 ಮಕ್ಕಳ ಒಂದು ಬಸ್ಸೆಂದರೆ ನಿಮ್ಮ ಒಂದು ಬೋಟಿನ ಒಂದು ಪೂರ್ತಿ ಗಂಟೆ. ದರ ಕೂರಿಸುವಾಗ ನೆನಪಿಡಬೇಕಾದ್ದು, ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ನಿಂತರೂ ಸಂಬಳ, ಬಾಡಿಗೆ, ಸಾಲದ ಕಂತು ನಿಲ್ಲುವುದಿಲ್ಲ. ತಿಂಗಳ ಖಾಯಂ ಖರ್ಚು 1.2 ಲಕ್ಷವಾದರೆ ವರ್ಷಕ್ಕೆ 14.4 ಲಕ್ಷ, ಎಂಟು ತಿಂಗಳಲ್ಲಿ ಹುಟ್ಟಬೇಕಾದ್ದು ತಿಂಗಳಿಗೆ 1.8 ಲಕ್ಷ.

ಬಂದವರು ಎಷ್ಟು ಹೊತ್ತಿಗೆ ಬರುತ್ತಾರೆ, ಬಂದ ಕೂಡಲೆ ಏನು ಕೇಳುತ್ತಾರೆ ಎಂಬುದು ದರಕ್ಕಿಂತ ಮುಖ್ಯ. 1992ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಹತ್ತಿರ ಡಿಸ್ನಿ ಪಾರ್ಕ್ ತೆರೆದಾಗ ಯುರೋಪಿನವರು ಬೆಳಗಿನ ತಿಂಡಿಗೆ ಅಷ್ಟು ಕೂರುವುದಿಲ್ಲ ಎಂದುಕೊಂಡು ಹೋಟೆಲುಗಳಲ್ಲಿ ಊಟದ ಕೋಣೆಯನ್ನು ಚಿಕ್ಕದು ಮಾಡಿದ್ದರು. ಎಲ್ಲರೂ ತಿಂಡಿ ಕೇಳಿದರು. ನಮ್ಮ ಕರಾವಳಿಯ ಕತೆಯೂ ಇದೇ. ಬೆಂಗಳೂರಿನ ರಾತ್ರಿ ಬಸ್ಸುಗಳು ಗೋಕರ್ಣ, ಮುರ್ಡೇಶ್ವರಕ್ಕೆ ಬೆಳಿಗ್ಗೆಯೇ ಜನರನ್ನು ಇಳಿಸುತ್ತವೆ, ರೂಮು ಸಿಗುವುದು ಮಧ್ಯಾಹ್ನದ ಹೊತ್ತಿಗೆ. ಆ ಐದಾರು ಗಂಟೆ ಅವರಿಗೆ ಬೇಕಾದ್ದು ಬೋಟ್ ಅಲ್ಲ. ಪಾಯಿಖಾನೆ, ಬಿಸಿನೀರು, ಬ್ಯಾಗ್ ಇಡಲು ಬೀಗದ ಪೆಟ್ಟಿಗೆ, ಇಡ್ಲಿ. 6 ಗಂಟೆಗೆ ಇಷ್ಟನ್ನು ತೆರೆದಿಟ್ಟವರಿಗೆ 8 ಗಂಟೆಯ ಮೊದಲ ಬೋಟ್ ತಾನಾಗಿ ತುಂಬುತ್ತದೆ. ಕಯಾಕ್ ಕಲಿಯುವವರನ್ನೂ ಈ ಹೊತ್ತಿಗೇ ಕಳಿಸಬೇಕು, ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದರೆ ಹೊಸಬರು ವಾಪಸ್ ಹುಟ್ಟು ಹಾಕಲಾರರು.

ಪಾಯಿಖಾನೆಯ ಮಾತು ಬಂತು. 1955ರ ಜುಲೈ 17ರಂದು ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ತೆರೆಯುವಾಗ ಪ್ಲಂಬರುಗಳ ಮುಷ್ಕರದಿಂದ ಕುಡಿಯುವ ನೀರಿನ ಕೊಳಾಯಿ, ಶೌಚಾಲಯ ಎರಡೂ ಮುಗಿಯುವ ಹಾಗಿರಲಿಲ್ಲ. ವಾಲ್ಟ್ ಡಿಸ್ನಿ ಶೌಚಾಲಯ ಆರಿಸಿಕೊಂಡ. ಬಿರುಬಿಸಿಲಲ್ಲಿ ನೀರಿಲ್ಲವೆಂದು ಜನ ಬೈದರು, ಆದರೂ ಆಯ್ಕೆ ಸರಿಯಾಗಿತ್ತು. ಬೀಚಿನ ಶೌಚಾಲಯ ಕೆಡುವುದು ಮರಳಿನಿಂದ. ಒದ್ದೆ ಕಾಲಿನ ಮರಳು ಒಳಗೆ ಹೋಗಿ, ಪೈಪಿನ ಮೊದಲ ತಿರುವಿನಲ್ಲಿ ಕೂತು ಗಟ್ಟಿಯಾಗುತ್ತದೆ. ಎರಡನೇ ವಾರಾಂತ್ಯಕ್ಕೆ ಕಟ್ಟಿಕೊಳ್ಳುತ್ತದೆ. ಬಾಗಿಲ ಹೊರಗೆ ಮೊಣಕಾಲೆತ್ತರದ ನಲ್ಲಿ ಇಟ್ಟು ಕಾಲು ತೊಳೆಸಿ, ಆ ನೀರು ಪೈಪಿಗೆ ಸೇರುವ ಮೊದಲು ಎರಡಡಿ ಆಳದ ಮರಳುಗುಂಡಿಯಲ್ಲಿ ನಿಲ್ಲಲಿ. ಗುಂಡಿಯನ್ನು ದಿನಾ ರಾತ್ರಿ ಬಾಚಬೇಕು. ಹೆಂಗಸರ ಕೋಣೆಗಳು ಗಂಡಸರವಕ್ಕಿಂತ ಎರಡರಷ್ಟು ಇರಲಿ. ಬಟ್ಟೆ ನೇತು ಹಾಕಲು ಪ್ರತಿ ಕೋಣೆಗೆ ನಾಲ್ಕು ಕೊಕ್ಕೆ, ಸ್ಟೀಲಿನದು ಅಥವಾ ಪ್ಲಾಸ್ಟಿಕ್ಕಿನದು. ಕಬ್ಬಿಣದ್ದು ಒಂದೇ ಸೀಸನ್ನಿಗೆ ತುಕ್ಕು ಹಿಡಿದು ಬಿಳಿ ಬಟ್ಟೆಗೆ ಕಲೆ ಮಾಡುತ್ತದೆ.

ಅಳಿವೆಯಲ್ಲಿ ಬೋಟ್ ಓಡಿಸುವವರು ಟೋಕನ್ನಿನ ಹೊತ್ತನ್ನು ಉಬ್ಬರ ಇಳಿತದ ಪಟ್ಟಿ ನೋಡಿ ಬರೆಯಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಆದ್ದರಿಂದ ನಿನ್ನೆ ಸರಿಯಾದ ವೇಳಾಪಟ್ಟಿ ನಾಡಿದ್ದು ಬೋಟನ್ನು ಕೆಸರಲ್ಲಿ ಕೂರಿಸುತ್ತದೆ. ಗಾಳಿ, ಇಂಜಿನ್, ಕೆಸರು, ಯಾವ ಕಾರಣಕ್ಕೆ ನಿಂತರೂ ಹಣ ವಾಪಸಾತಿಯ ನಿಯಮ ಟಿಕೆಟ್ ಹಿಂದೆ ಅಚ್ಚಾಗಿರಲಿ: ಹೊರಡದಿದ್ದರೆ ಪೂರ್ತಿ, ಅರ್ಧದಲ್ಲಿ ಮರಳಿದರೆ ಅರ್ಧ.

ಕೊನೆಯ ಬೋಟ್ 5.30ಕ್ಕೆ ಎಂದಿದ್ದರೆ ಕೌಂಟರ್ ಮುಚ್ಚುವ ಹೊತ್ತು 5.30 ಅಲ್ಲ. 3.30ಕ್ಕೆ 100 ಜನ ಸಾಲಿನಲ್ಲಿದ್ದರೆ ಆಗಲೇ ಟಿಕೆಟ್ ನಿಲ್ಲಿಸಬೇಕು. ಗಂಟೆಗೊಮ್ಮೆ ತಲೆ ಎಣಿಸಿ, ಉಳಿದ ಸೀಟು ಎಷ್ಟು ಎಂದು ಪಾರ್ಕಿಂಗ್ ಬಾಗಿಲಲ್ಲೇ ಬರೆದು ಹಾಕಿ; ಪಾರ್ಕಿಂಗ್ ಹಣ ತೆಗೆದುಕೊಂಡ ಮೇಲೆ ಸೀಟಿಲ್ಲ ಎಂದರೆ ಆ ಹಣವನ್ನೂ ವಾಪಸ್ ಕೊಡಬೇಕಾಗುತ್ತದೆ, ಬೈಗುಳದ ಜೊತೆಗೆ.